ಆನುವಂಶಿಕ ನರರೋಗವೂ ತಾಯ್ತನದ ನಿರ್ಣಯವೂ

“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯನ್ನು ಕನ್ಯೆ ನೋಡಲು ಹೋದ ನಮ್ಮ ಹಿರಿಯರು ಬಹುಮಟ್ಟಿಗೆ ಮೆಚ್ಚುಗೆಯ ಅರ್ಥದಲ್ಲಿಯೇ ಬಳಸುವರು. ತಾಯಿಯ ಗುಣ, ತಾಯಿಯ ಕೈಗೆಲಸ, ತಾಯಿಯ ತಾಳ್ಮೆ ಇವು ಮಗಳಿಗೂ ಬಂದಿರುವುವೆಂಬ ನಂಬಿಕೆ ಅದರಲ್ಲಿದೆ. ಆದರೆ ಆ ತಾಯಿಯು ಹೆಜ್ಜೆಯಿಡುವಾಗ ಪಾದ ಎಳೆಯುತ್ತಿದ್ದು, ಅವಳ ಬೆರಳುಗಳು ಕುಪ್ಪಸದ ಗುಂಡಿ ಹಾಕಲಾರದಷ್ಟು ಬಲಗುಂದಿದ್ದರೆ, ಅದೇ ಗಾದೆ ಆರೋಪವಾಗಿ ಮಾರ್ಪಡುತ್ತದೆ. ಮಗಳ ನಡಿಗೆಯನ್ನು ಹತ್ತು ಕಣ್ಣುಗಳು ಅಳೆಯತೊಡಗುತ್ತವೆ. ಮದುವೆ ಆಗಿಯೇ ಹೋಗಿದ್ದರೆ ಪ್ರಶ್ನೆ ಇನ್ನೊಂದು ಮೆಟ್ಟಿಲು ಮುಂದೆ ಹೋಗುತ್ತದೆ: ವಂಶಪಾರಂಪರ್ಯವಾದ ನರರೋಗವನ್ನು ಹೊತ್ತ ಹೆಣ್ಣು ತಾಯಿಯಾಗಬಹುದೇ? ಆಗುವುದು ಧರ್ಮವೇ?

ಈ ಪ್ರಶ್ನೆಗೆ ಸಿದ್ಧವಾದ ಉತ್ತರಗಳು ಎರಡಿವೆ. ಎಲ್ಲವೂ ದೈವೇಚ್ಛೆ, ಹಡೆಯಲಿ ಎಂಬುದು ಒಂದು. ಇನ್ನೊಂದು ಜೀವಕ್ಕೇಕೆ ಈ ಶಿಕ್ಷೆ, ಬೇಡವೆಂಬುದು ಮತ್ತೊಂದು. ಎರಡರಲ್ಲಿಯೂ ಕರುಣೆ ಇಲ್ಲದಿಲ್ಲ. ಆದರೆ ಎರಡೂ ಆ ಹೆಣ್ಣನ್ನು ಕೇಳದೆಯೇ ಹುಟ್ಟಿದ ಉತ್ತರಗಳು. ಯಾರು ನಿರ್ಣಯಿಸಬೇಕು, ಏನನ್ನು ತಿಳಿದು ನಿರ್ಣಯಿಸಬೇಕು, ನಿರ್ಣಯವಾದ ತರುವಾಯ ಉಳಿದವರ ಹೊಣೆಯೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನರದ ಬೇನೆ ಎಂದು ನಾವು ದಿನಬಳಕೆಯಲ್ಲಿ ಸೆಳೆತ, ಜೋಮು, ಉಳುಕು ಎಲ್ಲವನ್ನೂ ಕರೆಯುತ್ತೇವೆ. ಇಲ್ಲಿ ಹೇಳಹೊರಟಿರುವುದು ಅವನ್ನಲ್ಲ. ತಂದೆತಾಯಿಗಳಿಂದ ಬಂದ ವಂಶವಾಹಿಯೊಂದರ ದೋಷದಿಂದ ನರಗಳೇ ಕ್ರಮೇಣ ಕ್ಷೀಣಿಸುವ ರೋಗಗಳಿವೆ. ಅವುಗಳಲ್ಲಿ ಹೆಚ್ಚಾಗಿ ಕಾಣುವುದನ್ನು 1886ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಮತ್ತು ಮರೀ, ಇಂಗ್ಲೆಂಡಿನ ಟೂತ್ ಎಂಬ ಮೂವರು ವೈದ್ಯರು ವರ್ಣಿಸಿದರು. ರೋಗವು ಇಂದಿಗೂ ಆ ಮೂವರ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಸುಮಾರು 2500 ಜನರಲ್ಲಿ ಒಬ್ಬರಿಗೆ ಇದಿರಬಹುದೆಂಬ ಅಂದಾಜು ವೈದ್ಯಗ್ರಂಥಗಳಲ್ಲಿದೆ. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ನಮ್ಮ ನರತಂತುಗಳಿಗೂ ಒಂದು ಹೊದಿಕೆಯಿದೆ. ಈ ರೋಗದ ಮುಖ್ಯ ಬಗೆಯಲ್ಲಿ ಆ ಹೊದಿಕೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಸಂದೇಶ ನಿಧಾನವಾಗುತ್ತದೆ, ಎಲ್ಲಕ್ಕಿಂತ ಉದ್ದದ ನರಗಳು ಮೊದಲು ಸೋಲುತ್ತವೆ. ಆದುದರಿಂದ ತೊಂದರೆ ಪಾದದಿಂದ ಆರಂಭವಾಗುತ್ತದೆ. ಮೀನಖಂಡ ಸಣ್ಣಗಾಗುತ್ತದೆ, ಅಂಗಾಲಿನ ಕಮಾನು ಏರುತ್ತದೆ, ಕಾಲ್ಬೆರಳು ನೆಲಕ್ಕೆ ತಗುಲಿ ಎಡವುವುದು ಹೆಚ್ಚುತ್ತದೆ. ವರ್ಷಗಳು ಕಳೆದಂತೆ ಕೈಬೆರಳುಗಳಿಗೂ ಏರುತ್ತದೆ. ಸಾಮಾನ್ಯವಾಗಿ ಆಯುಷ್ಯ ಕಡಿಮೆಯಾಗುವುದಿಲ್ಲ, ಬುದ್ಧಿ ಮಸುಳುವುದಿಲ್ಲ. ಒಂದೇ ಮನೆಯಲ್ಲಿ ತಂದೆಗೆ ಊರುಗೋಲು ಬೇಕಾಗಿದ್ದರೆ, ಮಗನಿಗೆ ತನಗೆ ರೋಗವಿದೆಯೆಂಬುದೇ ತಿಳಿಯದಿರಬಹುದು. ಈ ಕೊನೆಯ ಮಾತನ್ನು ಓದುಗರು ಮರೆಯದಿರಬೇಕೆಂದು ಕೋರುತ್ತೇನೆ.

ಮೆಂಡಲನ ಬಟಾಣಿ ಗಿಡಗಳ ಪಾಠವನ್ನು ನಮ್ಮ ಪ್ರೌಢಶಾಲೆಗಳಲ್ಲಿ ಓದಿಸುತ್ತೇವೆ. ಉದ್ದ ಗಿಡ, ಗಿಡ್ಡ ಗಿಡ ಎಂದು ಕೋಷ್ಟಕ ಬರೆಯಿಸಿ ಪಾಠ ಮುಗಿಸುತ್ತೇವೆ. ಆ ಕೋಷ್ಟಕವು ತರಗತಿಯಲ್ಲಿ ಕುಳಿತ ಯಾರೋ ಒಬ್ಬ ಹುಡುಗಿಯ ಮನೆಯ ಕಥೆಯಾಗಿರಬಹುದೆಂದು ಯೋಚಿಸುವುದು ಅಪರೂಪ. ಮೇಲೆ ಹೇಳಿದ ರೋಗದ ಮುಖ್ಯ ಬಗೆಯಲ್ಲಿ ದೋಷವುಳ್ಳ ಒಂದೇ ಪ್ರತಿ ಸಾಕು. ತಾಯಿಗೆ ರೋಗವಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ಅದು ಮಗುವಿಗೆ ಇಳಿಯುವ ಸಾಧ್ಯತೆ ಅರ್ಧಕ್ಕರ್ಧ. ಮೊದಲನೆಯ ಮಗುವಿಗೆ ಬಂತು, ಇನ್ನು ಎರಡನೆಯದಕ್ಕೆ ಬರಲಾರದೆಂಬ ಸಮಾಧಾನ ತಪ್ಪು. ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆಯ ನೆನಪಿರುವುದಿಲ್ಲ. ಮತ್ತೆ ಕೆಲವು ರೋಗಗಳಲ್ಲಿ ತಂದೆತಾಯಿ ಇಬ್ಬರೂ ಆರೋಗ್ಯವಂತರಾಗಿದ್ದು, ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಾತ್ರ ಮಗುವಿಗೆ ರೋಗ ಕಾಣುತ್ತದೆ. ಬೆನ್ನುಹುರಿಯ ನರಕೋಶಗಳು ನಶಿಸಿ ಸ್ನಾಯುಗಳು ಸೊರಗುವ ಒಂದು ಶಿಶುರೋಗ ಹೀಗೆ ಬರುತ್ತದೆ. ಅಲ್ಲಿ ಪ್ರತಿ ಬಸಿರಿನ ಸಾಧ್ಯತೆ ನಾಲ್ಕರಲ್ಲಿ ಒಂದು. 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆದ ಅಧ್ಯಯನಗಳು ಮೂರು ಮದುವೆಗಳಲ್ಲಿ ಸುಮಾರು ಒಂದು ರಕ್ತಸಂಬಂಧದೊಳಗಿನದೆಂದು ಕಂಡುಕೊಂಡವು. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮಗೆ ಹೊಸದಲ್ಲವಷ್ಟೆ. ಅಂಥ ಮದುವೆಗಳಿಂದ ರೋಗ ಬಂದೇ ಬರುವುದೆಂದಲ್ಲ. ಎರಡು ಮರೆಯ ಪ್ರತಿಗಳು ಒಂದೆಡೆ ಸೇರುವ ಸಂಭವ ಹೆಚ್ಚುವುದು ಮಾತ್ರ ನಿಜ.

ಕುಲದ ಬೇನೆ ಎಂಬ ಹೆಸರು ಒಂದು ಸಮುದಾಯಕ್ಕೆ ಅಂಟಿದಾಗ ಏನಾಗುವುದೆಂಬುದನ್ನು ಕನ್ನಡ ನಾಡಿನಲ್ಲಿಯೇ ಕಾಣಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದಲ್ಲಿ ವಿಚಿತ್ರವಾದೊಂದು ವ್ಯಾಧಿ ವೈದ್ಯರ ಗಮನಕ್ಕೆ ಬಂತು. ಅದು ನರದ್ದಲ್ಲ, ಎಲುಬು ಕೀಲುಗಳದ್ದು. ಸೊಂಟದ ಕೀಲು ಸವೆದು, ದೇಹ ಕುಗ್ಗಿ, ನಡೆಯುವುದೇ ಯಾತನೆಯಾಗುವ ರೋಗ. ಹೊಲದಲ್ಲಿ ದುಡಿಯುತ್ತಿದ್ದ ಬಡ ದಲಿತ ಕುಟುಂಬಗಳಲ್ಲಿಯೇ ಅದು ಹೆಚ್ಚಾಗಿ ಕಂಡಿತು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿ ಮೀನುಗಳ ಮೂಲಕ ಹೊಟ್ಟೆಗೆ ಸೇರಿದ್ದೇ ಕಾರಣವೆಂದು ಮೊದಮೊದಲು ಸಂದೇಹವಿತ್ತು. ಆಮೇಲಿನ ಅಧ್ಯಯನಗಳು ಅದನ್ನು ಆನುವಂಶಿಕವೆಂದು ತೋರಿಸಿದವು. ಕಾರಣ ಬದಲಾಯಿತು, ಅದರೊಡನೆ ಪ್ರಶ್ನೆಯೂ ಬದಲಾಯಿತು. ವಿಷವೆಂದಾಗ ಯಾರು ಸಿಂಪಡಿಸಿದರು, ಸರಕಾರ ಏನು ಮಾಡಿತು ಎಂದು ಕೇಳಬಹುದು. ವಂಶವೆಂದಾಗ ಬೆರಳು ಬಸಿರಿನ ಕಡೆಗೆ ತಿರುಗುತ್ತದೆ. ರೋಗಕ್ಕೆ ಹಳ್ಳಿಯ ಹೆಸರನ್ನೇ ಇಟ್ಟಿದ್ದರಿಂದ ರೋಗವಿಲ್ಲದವನೂ ತನ್ನ ಊರ ಹೆಸರು ಹೇಳುವಾಗ ಅಳುಕಬೇಕಾಯಿತು. ಹೆಸರಿಡುವವರು ಇಷ್ಟನ್ನಾದರೂ ಯೋಚಿಸಬಹುದಿತ್ತು.

ಬೆರಳು ತೋರುವುದು ಒಂದು, ಕಾನೂನು ಮಾಡುವುದು ಇನ್ನೊಂದು. ಅದನ್ನೂ ಜಗತ್ತು ಕಂಡಿದೆ. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕ್ಯಾರಿ ಬಕ್ ಎಂಬ ತರುಣಿಗೆ ಬಲಾತ್ಕಾರವಾಗಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಬಹುದೆಂದು ತೀರ್ಪಿತ್ತಿತು. ತಾಯಿ, ಮಗಳು, ಮೊಮ್ಮಗಳು ಮೂವರೂ ಬುದ್ಧಿಹೀನರೆಂಬುದು ಅದರ ಆಧಾರ. ಆ ಮೊಮ್ಮಗಳು ಮುಂದೆ ಶಾಲೆಗೆ ಹೋಗಿ, ಒಮ್ಮೆ ಒಳ್ಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿಯೂ ಸೇರಿದಳು. ಎಂಟನೆಯ ವಯಸ್ಸಿಗೇ ಬೇರೊಂದು ಕಾಯಿಲೆಯಿಂದ ತೀರಿಕೊಂಡಳು. 1933ರಲ್ಲಿ ಜರ್ಮನಿಯ ನಾಜಿ ಸರಕಾರ ಹೊರಡಿಸಿದ ಕಾನೂನು ಆನುವಂಶಿಕ ರೋಗಗಳ ಪಟ್ಟಿಯನ್ನೇ ಮಾಡಿತು. ಹಂಟಿಂಗ್ಟನ್ನನ ರೋಗ, ಅಂದರೆ ನಡುವಯಸ್ಸಿನಲ್ಲಿ ಮೈ ತಾನಾಗಿಯೇ ಕುಣಿಯತೊಡಗಿ ಮನಸ್ಸೂ ಕುಸಿಯುವ ಆ ನರರೋಗ, ಆ ಪಟ್ಟಿಯಲ್ಲಿ ಹೆಸರಿಸಲ್ಪಟ್ಟಿತ್ತು. ಸುಮಾರು ನಾಲ್ಕು ಲಕ್ಷ ಸ್ತ್ರೀಪುರುಷರು ಆ ಕಾನೂನಿಗೆ ಬಲಿಯಾದರು. ಮುಂದಿನ ಪೀಳಿಗೆಯ ಹಿತವೆಂಬ ಮಾತು ಎಲ್ಲಿಗೆ ಹೋಗಿ ಮುಟ್ಟಬಲ್ಲದೆಂಬುದಕ್ಕೆ ಇದು ಸಾಕು. ಆದರೆ ಅದನ್ನು ಆಡುವ ಮನೆಯ ಅಜ್ಜಿಯನ್ನು ನಾಜಿಯೆಂದು ಕರೆದರೆ ವಿಚಾರ ಮುಂದೆ ಸಾಗದು. ಅಜ್ಜಿಯ ಅಳಲಿನಲ್ಲಿ ಒಂದು ತರ್ಕವಿದೆ; ಅದನ್ನು ಪರೀಕ್ಷಿಸಬೇಕು.

ಆ ತರ್ಕ ಹೀಗಿದೆ: ನೋವು ಬರುವುದೆಂದು ತಿಳಿದೂ ಮಗುವನ್ನು ಹಡೆಯುವುದು ಆ ಮಗುವಿಗೆ ಮಾಡಿದ ಅನ್ಯಾಯ. ಮೇಲುನೋಟಕ್ಕೆ ಇದು ಅಖಂಡನೀಯವೆನಿಸುತ್ತದೆ. ಆದರೆ ಅನ್ಯಾಯವೆಂದರೆ ಒಬ್ಬನಿಗೆ ಇರಬಹುದಾಗಿದ್ದ ಒಳ್ಳೆಯ ಸ್ಥಿತಿಯನ್ನು ತಪ್ಪಿಸುವುದು. ನಾನು ನಿಮ್ಮ ಕಾಲಿಗೆ ಕಲ್ಲು ಹಾಕಿದರೆ ಅನ್ಯಾಯ, ಏಕೆಂದರೆ ಹಾಕದಿದ್ದರೆ ನೀವು ನೆಟ್ಟಗೆ ನಡೆಯುತ್ತಿದ್ದಿರಿ. ಈ ಮಗುವಿಗಾದರೋ ರೋಗವಿಲ್ಲದ ಇನ್ನೊಂದು ಜೀವನ ಕಾದಿರಲಿಲ್ಲ. ತಾಯಿ ಹಡೆಯದಿದ್ದರೆ ಅದು ಆರೋಗ್ಯವಾಗಿ ಹುಟ್ಟುತ್ತಿರಲಿಲ್ಲ, ಹುಟ್ಟುತ್ತಲೇ ಇರಲಿಲ್ಲ. ಇಂಗ್ಲೆಂಡಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತೊಡಕನ್ನು ವಿಸ್ತಾರವಾಗಿ ಬಿಡಿಸಿ ನೋಡಿದರು. ಅದು ಪೂರ್ತಿ ಬಿಡಿಸಿಕೊಂಡಿತೆಂದು ಅವರೂ ಹೇಳಿಕೊಳ್ಳಲಿಲ್ಲ. ಹಾಗಾದರೆ ಕೇಳಬೇಕಾದದ್ದು ಮಗುವಿಗೆ ರೋಗವಿರುವುದೇ ಎಂದಲ್ಲ; ಆ ಬಾಳು ಬಾಳಿದವನಿಗೆ ಬೇಡವೆನಿಸುವಂಥದೇ ಎಂದು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಕಚೇರಿಗೆ ಹೋಗಿ, ಮನೆ ಕಟ್ಟಿ, ಮೊಮ್ಮಕ್ಕಳನ್ನು ಕಂಡವನ ಬಾಳನ್ನು ಬೇಡದ್ದೆನ್ನಲು ನಮಗೆ ಯಾವ ಅಧಿಕಾರ?

ಆದರೂ ಈ ವಾದವನ್ನು ಎಲ್ಲ ರೋಗಗಳಿಗೂ ಸಮನಾಗಿ ಹೊಂದಿಸುವುದು ಮೂಢತನವಾದೀತು. ಮೇಲೆ ಹೇಳಿದ ಶಿಶುರೋಗದ ಉಗ್ರವಾದ ಬಗೆಯಲ್ಲಿ, ಚಿಕಿತ್ಸೆ ದೊರೆಯದಿದ್ದರೆ ಬಹಳಷ್ಟು ಕೂಸುಗಳು ಎರಡನೆಯ ಹುಟ್ಟುಹಬ್ಬವನ್ನು ಕಾಣುವುದಿಲ್ಲ. ಉಸಿರಿಗಾಗಿ ಅವು ಪಡುವ ಪಾಡು ಹೆತ್ತವರಿಗೇ ಗೊತ್ತು. ಅಂಥ ಒಂದು ಮಗುವನ್ನು ಮಣ್ಣುಮಾಡಿದ ತಾಯಿ, ಮುಂದಿನ ಬಸಿರಿನಲ್ಲಿ ಭ್ರೂಣದ ಪರೀಕ್ಷೆ ಮಾಡಿಸಿ ಬೇಡವೆಂದರೆ ಅವಳನ್ನು ಪಾಪಿಯೆನ್ನುವ ನಾಲಿಗೆ ನನ್ನದಲ್ಲ. ಇಲ್ಲ, ಇದನ್ನೂ ಹೊರುತ್ತೇನೆ ಎಂದರೂ ಅವಳು ಮೂರ್ಖಳಲ್ಲ. ರೋಗದ ಉಗ್ರತೆ, ಚಿಕಿತ್ಸೆಯ ಲಭ್ಯತೆ, ಮನೆಯ ಬಲ, ತನ್ನ ಮೈಯ ಬಲ ಇವನ್ನೆಲ್ಲ ತೂಗುವ ತಕ್ಕಡಿ ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿಯೂ ಬೇರೆ ಬೇರೆ. ಹೊರಗಿನವರ ನಿಯಮವೊಂದು ಇಬ್ಬರಿಗೂ ಸರಿಹೋಗಲಾರದು.

ಇನ್ನೊಂದು ವಿಷಯವನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಅರ್ಧಕ್ಕರ್ಧವೆಂಬ ಆ ಲೆಕ್ಕ ತಂದೆಯ ರೋಗಕ್ಕೂ ಅಷ್ಟೇ ಅನ್ವಯಿಸುತ್ತದೆ. ಆದರೆ ಕಾಲೆಳೆಯುವ ಗಂಡಿಗೆ ಹೆಣ್ಣು ಹುಡುಕುವಾಗ ನೌಕರಿ ಇದೆಯೇ ಎಂದು ಕೇಳುವ ಸಮಾಜ, ಅವನು ತಂದೆಯಾಗಬಹುದೇ ಎಂದು ಕೇಳಿದ್ದನ್ನು ಯಾರಾದರೂ ಕಂಡಿರುವಿರಾ? ಮಹಾಭಾರತದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಧೃತರಾಷ್ಟ್ರನು ಕುರುಡನಾದದ್ದು ಅಂಬಿಕೆ ಕಣ್ಣು ಮುಚ್ಚಿಕೊಂಡುದರಿಂದ, ಪಾಂಡುವು ಬಿಳಿಚಿದ್ದು ಅಂಬಾಲಿಕೆ ಹೆದರಿ ಬಿಳಿಚಿದ್ದರಿಂದ. ಆ ಶಯನಗೃಹಕ್ಕೆ ಹೋಗಲು ಅವರಿಬ್ಬರಿಗೆ ಇಷ್ಟವಿತ್ತೇ ಎಂಬುದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಅದೇ ಗ್ರಂಥದಲ್ಲಿ ಅಷ್ಟಾವಕ್ರನ ಕಥೆಯೂ ಇದೆ. ಅವನ ಮೈ ಎಂಟು ಕಡೆ ಡೊಂಕಾದದ್ದು ತಂದೆಯ ಶಾಪದಿಂದ. ತಾಯಿ ಸುಜಾತೆಯ ತಪ್ಪೇನೂ ಇರಲಿಲ್ಲ. ಆ ಡೊಂಕು ಮೈಯ ಬಾಲಕನೇ ಜನಕನ ಸಭೆಯಲ್ಲಿ ವಾದ ಗೆದ್ದು ತಂದೆಯನ್ನು ಬಿಡಿಸಿ ತಂದ. ಪಾಠ ಹೇಳುವಾಗ ನಾವು ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಕೇಳುವುದು ಒಳ್ಳೆಯದು.

ನಿರ್ಣಯದ ಮಾತು ಇಷ್ಟಾಯಿತು. ಅವಳು ಹಡೆಯುವೆನೆಂದು ನಿಶ್ಚಯಿಸಿದಳೆನ್ನೋಣ. ಆಗ ಅವಳ ಮೈಗೆ ಏನಾಗುವುದು? ನಾರ್ವೆ ದೇಶದಲ್ಲಿ ಎಲ್ಲ ಹೆರಿಗೆಗಳನ್ನೂ ಸರಕಾರವೇ ದಾಖಲಿಸಿಡುತ್ತದೆ. 1967ರಿಂದ 2002ರವರೆಗಿನ ಆ ದಾಖಲೆಗಳಲ್ಲಿ, ಮೇಲೆ ಹೇಳಿದ ಮೂವರು ವೈದ್ಯರ ಹೆಸರಿನ ರೋಗವಿದ್ದ ತಾಯಂದಿರ 108 ಹೆರಿಗೆಗಳನ್ನು ವೈದ್ಯರು ಪರಿಶೀಲಿಸಿದರು. ಮಗು ಅಡ್ಡವೋ ಬುಡವೋ ಆಗಿ ತಿರುಗಿರುವುದು, ಹೆರಿಗೆಯ ನಂತರದ ರಕ್ತಸ್ರಾವ ಇವು ಉಳಿದವರಿಗಿಂತ ಸುಮಾರು ಎರಡು ಪಟ್ಟು. ಇಕ್ಕುಳ ಹಾಕಿ ಮಗುವನ್ನು ತೆಗೆಯಬೇಕಾದದ್ದು ಸುಮಾರು ಮೂರು ಪಟ್ಟು. ಅಪಾಯ ಇಲ್ಲವೆಂದಲ್ಲ, ಆದರೆ ಮುಂಚಿತವಾಗಿ ತಿಳಿದರೆ ಸಿದ್ಧತೆ ಮಾಡಿಕೊಳ್ಳಬಹುದಾದ ಅಪಾಯ. ಕೆಲವರಿಗೆ ಬಸಿರಿನಲ್ಲಿ ಕಾಲಿನ ನಿತ್ರಾಣ ಹೆಚ್ಚುತ್ತದೆ. ಅವರಲ್ಲಿ ಕೆಲವರಿಗೆ ಹೆರಿಗೆಯ ತರುವಾಯ ಇಳಿಯುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಇದನ್ನು ಅವಳಿಂದ ಮರೆಮಾಡಬಾರದು. ತನ್ನ ನಡಿಗೆಯ ಒಂದು ಪಾಲನ್ನು ಕೊಡಬೇಕಾಗಬಹುದೆಂಬುದು ತಿಳಿಯದೆ ಮಾಡಿದ ನಿರ್ಣಯ ನಿರ್ಣಯವೇ ಅಲ್ಲ.

ಇಲ್ಲಿಯೇ ನಮ್ಮ ಜನರ ಒಂದು ರೂಢಿ ತೊಡಕಾಗಿ ನಿಲ್ಲುತ್ತದೆ. ಮದುವೆಯ ಮಾತುಕತೆಯಲ್ಲಿ ರೋಗವನ್ನು ಮುಚ್ಚಿಡುತ್ತಾರೆ. ಸಣ್ಣವಳಿದ್ದಾಗ ಬಿದ್ದು ಕಾಲು ಉಳುಕಿತ್ತು ಎಂದು ಬೀಗರಿಗೆ ಹೇಳಿದ ಮಾತು ಮುಂದೆ ಬಿಡಿಸಿಕೊಳ್ಳಲಾಗದ ಗಂಟಾಗುತ್ತದೆ. ಬಸಿರಿಯನ್ನು ದವಾಖಾನೆಗೆ ಕರೆದೊಯ್ಯುವವರು ಅತ್ತೆ ಅಥವಾ ನಾದಿನಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯುಂಟೇ ಎಂದು ವೈದ್ಯರು ಕೇಳಿದಾಗ, ಅತ್ತೆಯ ಎದುರಿನಲ್ಲಿ ಸೊಸೆ ಏನು ಹೇಳಬೇಕು? ಇಲ್ಲ ಎನ್ನುತ್ತಾಳೆ. ಆ ಒಂದು ಇಲ್ಲದಿಂದ ಅರಿವಳಿಕೆ ಕೊಡುವ ವೈದ್ಯರಿಗೆ ಅವಳ ನರಗಳ ಸ್ಥಿತಿ ತಿಳಿಯದೆ ಹೋಗುತ್ತದೆ, ರಕ್ತದ ಸಿದ್ಧತೆ ಆಗದೆ ಹೋಗುತ್ತದೆ. ಬೀಗರನ್ನು ವಂಚಿಸಹೋದ ಸುಳ್ಳು ಹೆರಿಗೆಯ ಮಂಚದವರೆಗೂ ಬರುತ್ತದೆ. ಮುಚ್ಚಿಟ್ಟವರನ್ನಷ್ಟೇ ಬಯ್ದು ಪ್ರಯೋಜನವಿಲ್ಲ. ನಿಜ ಹೇಳಿದ ಮನೆಯ ಬಾಗಿಲಿಗೆ ಎರಡನೆಯ ಸಲ ಯಾರೂ ಬಾರದಿದ್ದಾಗ ಜನ ಸುಳ್ಳನ್ನು ಕಲಿತರು.

ಫೋಂಡಾದ ನಮ್ಮವರ ಸ್ಥಿತಿಯಲ್ಲಿ ಇನ್ನೂ ಒಂದು ತೊಡಕಿದೆ. ಕುಂಡೈ, ಬೇತೋಡಾ, ಮಡಕೈಯ ಕಾರಖಾನೆಗಳಿಗೂ ಕಟ್ಟಡದ ಕೆಲಸಕ್ಕೂ ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯಿಂದ ಬಂದ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಕುಬುಸದ ಕಾರ್ಯ ಮುಗಿಸಿ ತುಂಬು ಬಸಿರಿಯನ್ನು ಘಟ್ಟದ ದಾರಿಯ ಬಸ್ಸಿನಲ್ಲಿ ಕೂಡಿಸಿ ಕಳಿಸುತ್ತಾರೆ. ತವರು ಬೇಡವೆನ್ನಲು ನಾನು ಯಾರು? ತಾಯಿಯ ಕೈಯ ಆರೈಕೆಗೆ ಸಮನಾದದ್ದಿಲ್ಲ. ಆದರೆ ನರರೋಗವಿರುವ ಹೆಣ್ಣುಮಗಳಿಗೆ ಹೆರಿಗೆ ತಜ್ಞರೂ ಅರಿವಳಿಕೆಯ ವೈದ್ಯರೂ ರಕ್ತನಿಧಿಯೂ ಒಂದೆಡೆ ಇರುವ ಆಸ್ಪತ್ರೆ ಬೇಕು. ಬಸಿರು ಆರಂಭದಿಂದ ನೋಡಿದವರ ಕಾಗದಪತ್ರ ಅಲ್ಲಿರಬೇಕು. 1842ರಲ್ಲಿ ಪೋರ್ತುಗೀಜರ ಕಾಲದಲ್ಲಿ ಆರಂಭವಾದ ವೈದ್ಯಕೀಯ ಶಾಲೆಯಿಂದ ಬೆಳೆದು ಬಂದ, ಈಗ ಬಾಂಬೋಳಿಯಲ್ಲಿರುವ ಗೋವಾ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ನಮಗೆ ಘಟ್ಟದಾಚೆಗಿಂತ ಹತ್ತಿರ. ಮಗಳು ತವರಿಗೆ ಹೋಗಲಾಗದಿದ್ದರೆ ತವರೇ ಇಲ್ಲಿಗೆ ಬರಬಹುದಲ್ಲ. ಬಸಿರಾಗುವ ಮೊದಲೇ ವಂಶದ ಲೆಕ್ಕ ತಿಳಿಯಬಯಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ತಳಿಶಾಸ್ತ್ರದ ವಿಭಾಗವೇ ಇದೆ.

ಬಾಣಂತನದ ಬಗ್ಗೆಯೂ ಒಂದು ಮಾತು. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುವ ಪದ್ಧತಿ ನಮ್ಮ ಕಡೆ ಇನ್ನೂ ಅಲ್ಲಲ್ಲಿ ಉಳಿದಿದೆ; ಮೈಮೇಲೆ ಬಿಸಿ ಬಿಸಿ ನೀರು ಹೊಯ್ಯುವುದಂತೂ ಎಲ್ಲೆಡೆಯೂ ಇದೆ. ನರರೋಗವಿರುವವಳ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಿರಬಹುದು. ಚರ್ಮ ಸುಟ್ಟದ್ದು ಅವಳಿಗೆ ತಿಳಿಯುವ ಹೊತ್ತಿಗೆ ಬೊಬ್ಬೆ ಎದ್ದಿರುತ್ತದೆ. ನೀರನ್ನು ಅವಳ ಕಾಲಿನಿಂದಲ್ಲ, ಹೊಯ್ಯುವವರ ಮೊಣಕೈಯಿಂದ ಪರೀಕ್ಷಿಸಬೇಕು. ತಿಂಗಳುಗಟ್ಟಲೆ ಮಲಗಿಸಿಡುವುದೂ ಬೇಡ. ಮೊದಲೇ ಬಲಗುಂದಿದ ಸ್ನಾಯು ಮತ್ತಷ್ಟು ಸೊರಗುತ್ತದೆ. ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ ಎಡವಿದರೆಂಬ ಭಯ ಆ ತಾಯಿಗೆ ಹಗಲಿರುಳು ಇರುತ್ತದೆ. ಅವಳು ಕುಳಿತಲ್ಲಿಗೆ ಕೂಸನ್ನು ತಂದುಕೊಡುವ ಇನ್ನೊಂದು ಜೊತೆ ಕೈ ಮನೆಯಲ್ಲಿದ್ದರೆ ಆಯಿತು. ಆ ಕೈ ಗಂಡನದಾಗಿದ್ದರೂ ತೊಟ್ಟಿಲಿಗೆ ಅಪಚಾರವಾಗುವುದಿಲ್ಲ.

ಕಾನೂನು ಏನೆನ್ನುತ್ತದೆಂಬುದನ್ನು ಶಿಕ್ಷಕರಾದವರು ತಿಳಿದಿರಬೇಕು. 1971ರ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆ ಇದ್ದರೆ ಸಾಕು, ಗಂಡನ ರುಜು ಬೇಕಿಲ್ಲ. ಅವಳ ಒಪ್ಪಿಗೆಯಿಲ್ಲದೆ ಯಾರೂ ಮಾಡಿಸುವಂತೆಯೂ ಇಲ್ಲ. 2021ರ ತಿದ್ದುಪಡಿಯ ತರುವಾಯ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕು. ಅದಕ್ಕೂ ಮೀರಿದಾಗ, ಭ್ರೂಣದಲ್ಲಿ ಗಣನೀಯ ವೈಕಲ್ಯವಿದೆಯೇ ಎಂಬುದನ್ನು ವೈದ್ಯರ ಮಂಡಳಿ ಹೇಳಬೇಕು. 2009ರಲ್ಲಿ ಸುಚಿತಾ ಶ್ರೀವಾಸ್ತವ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅಲ್ಪ ಬುದ್ಧಿಮಾಂದ್ಯವಿದ್ದ ಹೆಣ್ಣಿನ ಒಪ್ಪಿಗೆಯಿಲ್ಲದೆ ಗರ್ಭಪಾತ ಕೂಡದೆಂದು ತೀರ್ಪಿತ್ತಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅವರ ಸ್ವಂತ ಹಾಗೂ ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಸಂತಾನಶಕ್ತಿಯನ್ನು ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡಕೂಡದೆನ್ನುತ್ತದೆ. 1927ರ ಅಮೆರಿಕದ ತೀರ್ಪಿನ ಎದುರು ಇವನ್ನಿಟ್ಟು ಓದಿದರೆ ನಡೆದು ಬಂದ ದೂರ ತಿಳಿಯುತ್ತದೆ.

ಕಡೆಯದಾಗಿ, ತಿಳಿಯುವ ಹಕ್ಕಿನ ಜೊತೆಗೆ ತಿಳಿಯದಿರುವ ಹಕ್ಕೂ ಒಂದಿದೆ. ಹಂಟಿಂಗ್ಟನ್ನನ ರೋಗದಿಂದ ತಾಯಿಯನ್ನು 1978ರಲ್ಲಿ ಕಳೆದುಕೊಂಡ ನ್ಯಾನ್ಸಿ ವೆಕ್ಸ್ಲರ್ ಎಂಬ ಅಮೆರಿಕದ ವಿದುಷಿ, ವೆನೆಜುವೆಲಾದ ಮಾರಕೈಬೋ ಸರೋವರದ ದಡದ ಹಳ್ಳಿಗಳಲ್ಲಿ ಆ ರೋಗವಿದ್ದ ದೊಡ್ಡ ಮನೆತನಗಳ ವಂಶವೃಕ್ಷ ಬರೆದು ರಕ್ತದ ಮಾದರಿ ಸಂಗ್ರಹಿಸಿದರು. ಅದರ ಫಲವಾಗಿ 1983ರಲ್ಲಿ ದೋಷವಿರುವ ಸ್ಥಾನದ ಸುಳಿವು, 1993ರಲ್ಲಿ ವಂಶವಾಹಿಯೇ ದೊರೆಯಿತು. ಪರೀಕ್ಷೆ ಸಾಧ್ಯವಾಯಿತು. ಆದರೆ ತಮಗೂ ರೋಗವಿರಬಹುದೆಂದು ಬಲ್ಲವರಲ್ಲಿ ಬಹುಮಂದಿ ಆ ಪರೀಕ್ಷೆಯನ್ನು ಮಾಡಿಸಿಕೊಳ್ಳಲಿಲ್ಲ. ತಮಗೂ ಆ ರೋಗವಿದೆಯೆಂದು ವೆಕ್ಸ್ಲರ್ ಅವರು ಲೋಕಕ್ಕೆ ತಿಳಿಸಿದ್ದು 2020ರಲ್ಲಿ. ಅಜ್ಜನಿಗೆ ಆ ರೋಗವಿದ್ದು, ತಾನು ಪರೀಕ್ಷಿಸಿಕೊಳ್ಳದ ಬಸಿರಿಯ ಪಾಡನ್ನು ಯೋಚಿಸಿರಿ: ಭ್ರೂಣದಲ್ಲಿ ದೋಷ ಕಂಡರೆ, ಅವಳು ಕೇಳದಿದ್ದ ಅವಳ ಸ್ವಂತ ಭವಿಷ್ಯವೂ ಅದೇ ಚೀಟಿಯಲ್ಲಿ ಬರೆದು ಬರುತ್ತದೆ.

ಮಕ್ಕಳ ವಿಷಯದಲ್ಲಿ ವೈದ್ಯರು ಒಂದು ನಿಯಮವಿಟ್ಟುಕೊಂಡಿದ್ದಾರೆ. ದೊಡ್ಡವರಾದ ಮೇಲೆ ಮಾತ್ರ ಕಾಣುವ, ಚಿಕಿತ್ಸೆಯಿಲ್ಲದ ರೋಗಕ್ಕಾಗಿ ಚಿಕ್ಕ ಮಕ್ಕಳನ್ನು ಪರೀಕ್ಷಿಸುವುದಿಲ್ಲ. ಪ್ರಾಯಕ್ಕೆ ಬಂದು ಅವರೇ ಕೇಳುವವರೆಗೆ ಕಾಯುತ್ತಾರೆ. ಬಾಲ್ಯದಲ್ಲಿಯೇ ಲಕ್ಷಣ ತೋರುವ ರೋಗದ ಮಾತು ಬೇರೆ. ಅಲ್ಲಿ ಬೇಗ ತಿಳಿದರೆ ಪಾದಕ್ಕೆ ಆಧಾರ, ವ್ಯಾಯಾಮ, ಅಗತ್ಯವಿದ್ದರೆ ಶಸ್ತ್ರಕ್ರಿಯೆ ಇವುಗಳಿಂದ ಅನುಕೂಲವುಂಟು. ಅದನ್ನು ಮೊದಲು ಕಾಣುವವರು ಅನೇಕ ಸಲ ವೈದ್ಯರಲ್ಲ, ಶಾಲೆಯವರು. ಕವಾಯತಿನಲ್ಲಿ ಪದೇ ಪದೇ ಎಡವುವ ಹುಡುಗಿ, ಓಟದಲ್ಲಿ ಎಂದೂ ಕೊನೆಗೆ ಉಳಿಯುವವಳು, ಪಾದರಕ್ಷೆಯ ಮುಂಭಾಗ ತಿಂಗಳೊಳಗೆ ಸವೆಯಿಸುವವಳು ಸೋಮಾರಿಯಾಗಿರಬೇಕಿಲ್ಲ. ಅವಳ ತಾಯಿಯನ್ನು ಕರೆಸಿ ಕೇಳಬಹುದು. ಆ ತಾಯಿಯು ಸೆರಗಿನ ಮರೆಯಲ್ಲಿ ತನ್ನ ಬೆರಳುಗಳನ್ನು ಮಡಿಚಿಕೊಂಡರೆ, ಮಾತನ್ನು ಅಲ್ಲಿಂದ ಮೆಲ್ಲಗೆ ಆರಂಭಿಸಬೇಕು, ಹುಡುಗಿಯನ್ನು ಹೊರಗೆ ಆಡಲು ಕಳಿಸಿ.